ಸಂಭವನೀಯತೆ, ಸಂಖ್ಯಾಶಾಸ್ತ್ರ: ಅಭ್ಯಾಸಕ್ಕೆ ಯಾವ ದಾರಿ ಯಾರಿಗೆ?

ಸಂಭವನೀಯತೆ ಕಲಿಯಲು ಹೊರಟವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಲೆಕ್ಕಗಳನ್ನು ಎಲ್ಲಿ ಮಾಡಲಿ? ಪಠ್ಯಪುಸ್ತಕ ಸಾಕಾ, ಆ್ಯಪ್ ಬೇಕಾ, ದೊಡ್ಡ ವಿಶ್ವವಿದ್ಯಾಲಯದ ಉಚಿತ ಕೋರ್ಸ್ ಹಿಡಿಯಲಾ, ಕಂಪ್ಯೂಟರಿನಲ್ಲಿ ಮಾಡಿ ನೋಡಲಾ? ಹತ್ತನೇ ತರಗತಿಯ ಮಕ್ಕಳೂ ಇದನ್ನೇ ಕೇಳುತ್ತಾರೆ. ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ಡೇಟಾ ಸೈನ್ಸ್ ಕಡೆ ಹೊರಳಿದವರೂ ಇದನ್ನೇ ಕೇಳುತ್ತಾರೆ.

ನಾನು ಮೊದಲು ಅವರ ನೋಟ್‌ಬುಕ್ ಕೇಳುತ್ತೇನೆ. ತಪ್ಪು ಎಲ್ಲಿ ಆಗಿದೆ ಅಂತ ನೋಡದೆ ದಾರಿ ಹೇಳುವುದು ಕಷ್ಟ. ಈ ವಿಷಯದಲ್ಲಿ ಜನ ಎಡವುವ ಜಾಗ ಮುಖ್ಯವಾಗಿ ಮೂರು. ಕೆಲವರಿಗೆ ಪ್ರಶ್ನೆಯಲ್ಲಿರುವ ಕಥೆಯನ್ನು ಲೆಕ್ಕವಾಗಿ ಬರೆದುಕೊಳ್ಳಲು ಬರುವುದಿಲ್ಲ. ಏನೇನು ಆಗಬಹುದು, ಎಲ್ಲವೂ ಸಮಾನ ಸಾಧ್ಯತೆ ಇರುವಂಥವಾ, ಯಾವ ಸಂಗತಿ ನಮಗೆ ಮೊದಲೇ ಗೊತ್ತಾಗಿದೆ, ಇದೆಲ್ಲ ಅಲ್ಲಿ ಸೇರುತ್ತದೆ. ಕೆಲವರು ಅದನ್ನು ಸರಿಯಾಗಿ ಬರೆಯುತ್ತಾರೆ, ಆದರೆ ಕೂಡಿಸಿ ಗುಣಿಸುವಾಗ ತಪ್ಪುತ್ತಾರೆ. ಇನ್ನು ಕೆಲವರಿಗೆ ಎರಡೂ ಬರುತ್ತದೆ. ಆದರೆ ಬಂದ ಉತ್ತರ ನಂಬುವಂಥದ್ದಾ ಅಂತ ಕೇಳಿದರೆ ಸುಮ್ನೆ ಕೂರುತ್ತಾರೆ.

ಈ ಮೂರಕ್ಕೂ ಒಂದೇ ಅಭ್ಯಾಸ ಆಗಿಬರುವುದಿಲ್ಲ. ಹಾಗಾಗಿ ಕೆಳಗಿನ ಪ್ರತಿಯೊಂದು ದಾರಿಯನ್ನೂ ನಾನು ಒಂದೇ ಅಳತೆಯಲ್ಲಿ ನೋಡಿದ್ದೇನೆ. ಅದು ಯಾವ ತಪ್ಪನ್ನು ಹಿಡಿದು ತೋರಿಸುತ್ತದೆ, ಯಾವುದನ್ನು ಹಾಗೇ ಬಿಟ್ಟುಬಿಡುತ್ತದೆ?

ಪಠ್ಯಪುಸ್ತಕ ಮತ್ತು ಹಳೇ ಪ್ರಶ್ನೆಪತ್ರಿಕೆ

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪುಸ್ತಕಗಳ ಲೆಕ್ಕಗಳು ಎರಡನೇ ಗುಂಪಿಗೆ, ಅಂದರೆ ಕೂಡಿಸಿ ಗುಣಿಸುವಾಗ ತಪ್ಪುವವರಿಗೆ, ಒಳ್ಳೆಯವು. ವರ್ಗೀಕೃತ ದತ್ತಾಂಶದ ಸರಾಸರಿ, ಮಧ್ಯಾಂಕ, ಓಜೀವ್ ನಕ್ಷೆ ಇವೆಲ್ಲ ಕೈಗೆ ರೂಢಿಯಾಗಬೇಕಾದ ಕೆಲಸಗಳು. ಹತ್ತು ಸಲ ಮಾಡಿದರೆ ಕೈ ಕೂರುತ್ತದೆ, ಅಷ್ಟೇ.

ತೊಂದರೆ ಇರುವುದು ಸಂಭವನೀಯತೆಯ ಭಾಗದಲ್ಲಿ. ಅಧ್ಯಾಯದ ಹೆಸರೇ ಯಾವ ಸೂತ್ರ ಹಾಕಬೇಕು ಅಂತ ಹೇಳಿಬಿಡುತ್ತದೆ. ‘ಬೇಯ್ಸ್ ಪ್ರಮೇಯ’ (ಹೊಸ ಮಾಹಿತಿ ಸಿಕ್ಕಾಗ ಸಂಭವನೀಯತೆಯನ್ನು ತಿದ್ದಿಕೊಳ್ಳುವ ಸೂತ್ರ) ಅನ್ನುವ ಶೀರ್ಷಿಕೆಯ ಕೆಳಗೆ ಇರುವ ಲೆಕ್ಕಕ್ಕೆ ಬೇಯ್ಸ್ ಪ್ರಮೇಯ ಹಾಕಬೇಕು ಅಂತ ಯಾರು ಬೇಕಾದರೂ ಹೇಳುತ್ತಾರೆ. ಅದೇ ಲೆಕ್ಕ ಶೀರ್ಷಿಕೆ ಇಲ್ಲದೆ ಎದುರಾದಾಗ ಗುರುತಿಸುವುದೇ ನಿಜವಾದ ಕಷ್ಟ. ಇದಕ್ಕೆ ನಾನು ಹೇಳುವ ಉಪಾಯ ಸರಳ. ಅಧ್ಯಾಯ ಮುಗಿದ ಮೇಲೆ ಪ್ರತಿ ಅಭ್ಯಾಸದಿಂದ ಎರಡೆರಡು ಲೆಕ್ಕ ಚೀಟಿಯಲ್ಲಿ ಬರೆದು ಕಲಸಿ, ಒಂದೊಂದೇ ಎತ್ತಿ ಮಾಡಿ. ಪುಸ್ತಕ ಅದೇ, ಅಭ್ಯಾಸ ಮಾತ್ರ ಪೂರ್ತಿ ಬೇರೆ ಆಗುತ್ತದೆ.

ಬೇಯ್ಸ್ ವಿಷಯ ಬಂತಲ್ಲ, ಅದರ ಬಗ್ಗೆ ಇನ್ನೊಂದು ಮಾತು. ಸಾವಿರದಲ್ಲಿ ಒಬ್ಬರಿಗೆ ಇರುವ ಕಾಯಿಲೆ. ಕಾಯಿಲೆ ಇದ್ದವರಲ್ಲಿ 99% ಜನರನ್ನು ಪರೀಕ್ಷೆ ಹಿಡಿಯುತ್ತದೆ. ಆರೋಗ್ಯವಾಗಿರುವವರಲ್ಲೂ 5% ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಪಾಸಿಟಿವ್ ಬಂದವರಿಗೆ ನಿಜವಾಗಿ ಕಾಯಿಲೆ ಇರುವ ಸಂಭವನೀಯತೆ ಎಷ್ಟು? ಸೂತ್ರ ಬದಿಗಿಡಿ. 1000 ಜನರನ್ನು ಸಾಲಾಗಿ ನಿಲ್ಲಿಸಿ ನೋಡಿ. ಕಾಯಿಲೆ ಇರುವವರು 1, ಅವರಿಗೆ ಪಾಸಿಟಿವ್ ಬರುವುದು ಹೆಚ್ಚುಕಮ್ಮಿ ಖಚಿತ. ಉಳಿದ 999ರಲ್ಲಿ ಸುಮಾರು 50 ಜನರಿಗೆ ಸುಳ್ಳು ಪಾಸಿಟಿವ್. ಒಟ್ಟು 51 ಪಾಸಿಟಿವ್‌ನಲ್ಲಿ ನಿಜ ಒಂದೇ, ಅಂದರೆ ಸುಮಾರು 2%. ಹೀಗೆ ಜನರ ಲೆಕ್ಕದಲ್ಲಿ ಬರೆಯುವ ಅಭ್ಯಾಸ ಪೆನ್ನು ಹಿಡಿದರೆ ಮಾತ್ರ ಬರುತ್ತದೆ. ಯಾವ ಆ್ಯಪ್ ಬಳಸಿದರೂ ಪಕ್ಕದಲ್ಲಿ ಕಾಗದ ಇರಲಿ.

ಹಳೇ ಪ್ರಶ್ನೆಪತ್ರಿಕೆಗಳು ಪರೀಕ್ಷೆ ಹತ್ತಿರ ಇರುವವರಿಗೆ ಬೇಕೇ ಬೇಕು. ಸಮಯದ ಅಂದಾಜು ಅವುಗಳಿಂದಲೇ ಸಿಗುವುದು. ಕೆ-ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಪರೀಕ್ಷೆಯ ನಿಯಮಗಳನ್ನೇ ಲೆಕ್ಕವಾಗಿ ಮಾಡಿಕೊಳ್ಳಬಹುದು ಅನ್ನುವುದು ನನಗೆ ಇಷ್ಟವಾದ ವಿಚಾರ. ಅಲ್ಲಿ ನೆಗೆಟಿವ್ ಅಂಕ ಇಲ್ಲ, ನಾಲ್ಕು ಆಯ್ಕೆ. ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 15 ಸರಿಯಾಗುತ್ತದೆ, ಮಾನಕ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ) ಸುಮಾರು 3.4. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಒಂದು ಅಂಕ ಕಡಿತ. ಸುಮ್ಮನೆ ಊಹಿಸಿದರೆ ನಷ್ಟ ಅಂತ ತುಂಬ ಮಕ್ಕಳು ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ, ಪ್ರತಿ ಊಹೆಗೆ ಸರಾಸರಿ ಕಾಲು ಅಂಕ ಲಾಭವೇ ಇದೆ. ಆದರೆ 20 ಪ್ರಶ್ನೆ ಊಹಿಸಿದರೆ ಸರಾಸರಿ ಲಾಭ 5, ಮಾನಕ ವಿಚಲನೆ ಸುಮಾರು 9.7. ಅಂದರೆ ಕೈಯಲ್ಲಿದ್ದ ಅಂಕವೂ ಹೋಗುವ ಸಂಭವನೀಯತೆ 22-23% ಇದೆ. ಸರಾಸರಿ ಒಂದನ್ನೇ ನೋಡಿದರೆ ಏನು ತಪ್ಪಿಹೋಗುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಆ ವಯಸ್ಸಿನವರಿಗೆ ಸಿಗುವುದು ಕಷ್ಟ.

ಖಾನ್ ಅಕಾಡೆಮಿ ತರಹದ ತಾಣಗಳು

ಉಚಿತ, ಫೋನಿನಲ್ಲೇ ನಡೆಯುತ್ತದೆ, ಒಂದು ಬಗೆಯ ಲೆಕ್ಕ ತಪ್ಪಿದರೆ ಅದೇ ಬಗೆಯದು ಇನ್ನೊಂದು ಕೊಡುತ್ತದೆ. ಶಾಲಾ ಗಣಿತದ ಒಂದಿಷ್ಟು ಪಾಠ ಕನ್ನಡದಲ್ಲೂ ಸಿಗುತ್ತದೆ. ಗಣಿತ ಬಿಟ್ಟು ಬಹಳ ವರ್ಷವಾದವರು ಮತ್ತೆ ಶುರು ಮಾಡುವುದಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಹೆದರಿಕೆ ಹೋಗುತ್ತದೆ.

ಆದರೆ ಇದರ ಬಲವೇ ಇದರ ಮಿತಿ ಕೂಡ. ಉತ್ತರ ತಕ್ಷಣ ಗೊತ್ತಾಗುತ್ತದೆ. ಬೀಜಗಣಿತದಲ್ಲಿ ಅದು ಒಳ್ಳೆಯದೇ. ಸಂಭವನೀಯತೆಯಲ್ಲಿ ತಪ್ಪು ಯೋಚನೆಯಿಂದಲೂ ಸರಿ ಉತ್ತರ ಬರುವುದು ಬಹಳ ಸಾಮಾನ್ಯ. ಎರಡು ಘಟನೆ ಒಂದಕ್ಕೊಂದು ಸಂಬಂಧ ಇಲ್ಲದವು ಅಂತ ಯೋಚಿಸದೆ ಗುಣಿಸಿಬಿಟ್ಟೆವು ಅಂದುಕೊಳ್ಳಿ. ಆ ಪ್ರಶ್ನೆಯಲ್ಲಿ ಅವು ನಿಜವಾಗಿಯೂ ಹಾಗೇ ಇದ್ದರೆ ಹಸಿರು ಗುರುತು ಬಂದುಬಿಡುತ್ತದೆ. ಯೋಚನೆಯಲ್ಲಿದ್ದ ತೂತು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮೊದಲ ಗುಂಪಿನವರಿಗೆ, ಅಂದರೆ ಕಥೆಯನ್ನು ಲೆಕ್ಕ ಮಾಡಿಕೊಳ್ಳಲು ಬರದವರಿಗೆ, ಇದೊಂದೇ ಸಾಲುವುದಿಲ್ಲ.

ಒಂದು ನಿಯಮ ಇಟ್ಟುಕೊಂಡರೆ ಲಾಭ ಜಾಸ್ತಿ. ಬಟನ್ ಒತ್ತುವ ಮೊದಲು ಕಾಗದದ ಮೇಲೆ ಎರಡು ಸಂಗತಿ ಬರೆಯಿರಿ. ಒಂದು, ನಿಮ್ಮ ಅಂದಾಜು: ಅರ್ಧಕ್ಕಿಂತ ಜಾಸ್ತಿಯಾ ಕಡಿಮೆಯಾ? ಎರಡು, ನೀವು ಏನನ್ನು ಒಪ್ಪಿಕೊಂಡು ಲೆಕ್ಕ ಹಾಕಿದಿರಿ? ‘ದಾಳ ಸಮ ಇದೆ’, ‘ಚೆಂಡನ್ನು ವಾಪಸ್ ಹಾಕಿಲ್ಲ’ ಈ ತರಹ. ಎರಡು ಸಾಲು ಸಾಕು.

ವಿಶ್ವವಿದ್ಯಾಲಯದ ಉಚಿತ ಕೋರ್ಸ್‌ಗಳು

ಇಲ್ಲಿ ಹೆಸರು ಕೇಳಿ ದಾರಿ ತಪ್ಪುವವರು ಜಾಸ್ತಿ. ಮೂರನ್ನು ಹೋಲಿಸುತ್ತೇನೆ.

ಹಾರ್ವರ್ಡ್‌ನ ಸ್ಟ್ಯಾಟ್ 110, ಜೋ ಬ್ಲಿಟ್ಜ್‌ಸ್ಟೈನ್ ಅವರ ಪಾಠಗಳು. ಯೂಟ್ಯೂಬ್‌ನಲ್ಲಿ ಇವೆ, ಜೊತೆಗೆ ಉತ್ತರ ಸಮೇತ ಅಭ್ಯಾಸದ ಲೆಕ್ಕಗಳೂ ಸಿಗುತ್ತವೆ. ಇದು ಪೂರ್ತಿ ಸಂಭವನೀಯತೆಯ ಕೋರ್ಸ್. ಸ್ಯಾಂಪಲ್ ನೋಡಿ ತೀರ್ಮಾನಕ್ಕೆ ಬರುವ ಸಂಖ್ಯಾಶಾಸ್ತ್ರ ಬೇಕು ಅಂತ ಬಂದವರಿಗೆ ಇಲ್ಲಿ ಅದು ಸಿಗುವುದಿಲ್ಲ. ಕ್ಯಾಲ್ಕುಲಸ್ ಬೇಕು. ಆದರೆ ಕಥೆಯನ್ನು ಲೆಕ್ಕವಾಗಿ ಬರೆಯುವ ಕೌಶಲ ಬೆಳೆಸಲು ನಾನು ಕಂಡ ಕೋರ್ಸ್‌ಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಉದ್ದ ಲೆಕ್ಕಾಚಾರ ಇಲ್ಲದೆ, ಒಂದೇ ಗುಂಪನ್ನು ಎರಡು ರೀತಿಯಲ್ಲಿ ಎಣಿಸಿ ಸಮೀಕರಣ ಸಾಧಿಸುವ ರೀತಿ ನೋಡಿದರೆ ಖುಷಿಯಾಗುತ್ತದೆ.

ಎಂಐಟಿಯ 18.05 ಕೋರ್ಸ್ ಓಪನ್ ಕೋರ್ಸ್‌ವೇರ್‌ನಲ್ಲಿ ಇದೆ. ಸಂಭವನೀಯತೆಯಿಂದ ಶುರುವಾಗಿ ಸಂಖ್ಯಾಶಾಸ್ತ್ರಕ್ಕೆ ಹೋಗುತ್ತದೆ. ಬೇಯ್ಸ್ ರೀತಿಯ ತೀರ್ಮಾನವನ್ನೂ ಒಂದು ಊಹೆ ದತ್ತಾಂಶಕ್ಕೆ ಹೊಂದುತ್ತದಾ ಅಂತ ನೋಡುವ ಹಳೆಯ ರೀತಿಯ ಪರೀಕ್ಷೆಗಳನ್ನೂ ಅಕ್ಕಪಕ್ಕ ಇಟ್ಟು ಕಲಿಸುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುವ ಕೆಲಸವೂ ಸೇರಿದೆ. ಬರಹದಲ್ಲಿರುವ ಪಾಠ, ಲೆಕ್ಕ, ಉತ್ತರ ಎಲ್ಲ ಉಚಿತ. ದ್ವಿತೀಯ ಪಿಯುಸಿ ಗಣಿತ ಚೆನ್ನಾಗಿ ಮಾಡಿದವರಿಗೆ, ಎಂಜಿನಿಯರಿಂಗ್ ಓದುವವರಿಗೆ ಎರಡೂ ಒಟ್ಟಿಗೆ ಬೇಕಿದ್ದರೆ ಇದನ್ನೇ ಹಿಡಿಯಿರಿ.

ಕ್ಯಾಲ್ಕುಲಸ್ ಬೇಡ, ಡೇಟಾ ಬೇಕು ಅನ್ನುವವರಿಗೆ ಓಪನ್‌ಇಂಟ್ರೋ ಸ್ಟ್ಯಾಟಿಸ್ಟಿಕ್ಸ್ ಎಂಬ ಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಲೆಕ್ಕಗಳು ಬಹುಪಾಲು ನಿಜವಾದ ದತ್ತಾಂಶದ ಮೇಲೆ. ಬೆಸ ಸಂಖ್ಯೆಯ ಲೆಕ್ಕಗಳಿಗೆ ಕೊನೆಯಲ್ಲಿ ಉತ್ತರ ಇದೆ. ಸಮ ಸಂಖ್ಯೆಯವು ಗೆಳೆಯರ ಜೊತೆ ಕೂತು ವಾದ ಮಾಡಲು ಚೆನ್ನ.

ಮೂರೂ ಇಂಗ್ಲಿಷ್‌ನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಅಂಜಬೇಕಿಲ್ಲ. ಲೆಕ್ಕದ ಕಥೆಯನ್ನು ಮೊದಲು ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳಿ. ಹಾಗೆ ಬರೆಯಲು ಬಂದರೆ ಅರ್ಧ ಕೆಲಸ ಆದಂತೆ.

ಕಂಪ್ಯೂಟರಿನಲ್ಲಿ ಸಾವಿರ ಸಲ ಆಡಿ ನೋಡುವುದು

ಮೂರನೇ ಗುಂಪಿಗೆ, ಅಂದರೆ ಉತ್ತರ ನಂಬಬೇಕೋ ಬೇಡವೋ ತಿಳಿಯದವರಿಗೆ, ಸಿಮ್ಯುಲೇಶನ್‌ನಷ್ಟು ಒಳ್ಳೆಯ ಗುರು ಇಲ್ಲ. ಇದಕ್ಕೆ ಪೈಥಾನ್, ಆರ್ ಬರಲೇಬೇಕು ಅಂತಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ರ‍್ಯಾಂಡ್‌ಬಿಟ್ವೀನ್ ಫಾರ್ಮುಲಾಕ್ಕೆ 1 ಮತ್ತು 6 ಕೊಟ್ಟರೆ ಒಂದು ದಾಳ ಸಿದ್ಧ. ಒಂದು ಸಾಲಿನಲ್ಲಿ ಅಂಥ ನಾಲ್ಕು ಕೋಶ ಮಾಡಿ, ಆ ಸಾಲಿನಲ್ಲಿ 6 ಇದೆಯಾ ಅಂತ ಕೌಂಟ್‌ಇಫ್‌ನಿಂದ ನೋಡಿ, ಕೆಳಗೆ 10,000 ಸಾಲು ಎಳೆದರೆ ಮುಗಿಯಿತು.

ಈ ದಾಳದ ಲೆಕ್ಕ ಹಳೆಯದು. 1654ರಲ್ಲಿ ಫ್ರೆಂಚ್ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಗಳ ಬಗ್ಗೆ ಬರೆದ ಪತ್ರಗಳ ಜೊತೆ ಷೆವಲಿಯೇ ದ ಮೆರೆ ಎಂಬ ಜೂಜುಗಾರನ ಹೆಸರು ಸೇರಿಕೊಂಡಿದೆ. ಒಂದು ದಾಳವನ್ನು 4 ಸಲ ಎಸೆದಾಗ ಒಂದಾದರೂ 6 ಬೀಳುವ ಸಂಭವನೀಯತೆ 0.5177. ಎರಡು ದಾಳಗಳನ್ನು ಒಟ್ಟಿಗೆ 24 ಸಲ ಎಸೆದಾಗ ಒಂದು ಸಲವಾದರೂ ಜೋಡಿ 6 ಬೀಳುವ ಸಂಭವನೀಯತೆ 0.4914. ಮೊದಲ ಪಂದ್ಯ ಕಟ್ಟಿದವನಿಗೆ ಲಾಭ, ಎರಡನೆಯದರಲ್ಲಿ ನಷ್ಟ.

ಈಗ ಇದನ್ನು ಬೇರೆ ಬೇರೆ ರೀತಿಯಲ್ಲಿ ಅಭ್ಯಾಸ ಮಾಡಿ ನೋಡೋಣ. ಪೆನ್ನಿನಲ್ಲಿ ಎರಡು ಸಾಲು: ಒಂದೂ ಬೀಳದಿರುವ ಸಂಭವನೀಯತೆ ಕಂಡುಹಿಡಿದು 1ರಿಂದ ಕಳೆಯಿರಿ. ಕೈಯಲ್ಲಿ ನಿಜವಾದ ದಾಳ ಎಸೆದು 100 ಆಟ ಆಡಿದರೆ? ಗೆದ್ದ ಪಾಲು ಸುಮ್ಮನೆ ಅದೃಷ್ಟದಿಂದಲೇ 5 ಶೇಕಡಾ ಅಂಶದಷ್ಟು ಆಚೀಚೆ ಆಗುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸ, ಅಂದರೆ 0.5ರಿಂದ ಇರುವ ದೂರ, 2 ಅಂಶಕ್ಕಿಂತ ಕಡಿಮೆ. 100 ಆಟದಿಂದ ಏನೂ ಗೊತ್ತಾಗುವುದಿಲ್ಲ. ಶೀಟ್‌ನಲ್ಲಿ 10,000 ಸಾಲು ಮಾಡಿದರೆ ಆ ಏರಿಳಿತ ಅರ್ಧ ಅಂಶಕ್ಕೆ ಇಳಿಯುತ್ತದೆ, ಮೊದಲ ಪಂದ್ಯದ ಲಾಭ ಸ್ಪಷ್ಟವಾಗಿ ಕಾಣುತ್ತದೆ. ಎರಡನೇ ಪಂದ್ಯದ ನಷ್ಟ 0.86 ಅಂಶ ಮಾತ್ರ. ಅದು ಗಟ್ಟಿಯಾಗಿ ಕಾಣಬೇಕಾದರೆ 10,000 ಕೂಡ ಸಾಲದು, ಲಕ್ಷದ ಹತ್ತಿರ ಹೋಗಿ. ದ ಮೆರೆ ಜೂಜಾಡಿ ಆಡಿಯೇ ಈ ನಷ್ಟ ಕಂಡುಕೊಂಡ ಎಂಬ ಕಥೆ ಎಷ್ಟು ನಂಬುವಂಥದ್ದು ಅಂತ ನೀವೇ ಯೋಚಿಸಿ. ಹತ್ತು ಸಾವಿರಕ್ಕೂ ಜಾಸ್ತಿ ಆಟದ ಲೆಕ್ಕ ಇಟ್ಟಿರಬೇಕಾಗುತ್ತಿತ್ತು.

ಒಂದೇ ಲೆಕ್ಕದಲ್ಲಿ ಸಂಭವನೀಯತೆಯೂ ಬಂತು, ಎಷ್ಟು ಸ್ಯಾಂಪಲ್ ಬೇಕು ಅನ್ನುವ ಸಂಖ್ಯಾಶಾಸ್ತ್ರವೂ ಬಂತು. ಸಿಮ್ಯುಲೇಶನ್ ಮಾಡುವವರಿಗೆ ನನ್ನ ಒತ್ತಾಯ ಇಷ್ಟೇ: ಎಷ್ಟು ಸಲ ಓಡಿಸಿದಿರಿ ಅನ್ನುವುದನ್ನು ಉತ್ತರದ ಪಕ್ಕ ಬರೆಯದೆ ಬಿಡಬೇಡಿ.

ಸಿಮ್ಯುಲೇಶನ್‌ಗೂ ಒಂದು ಕುರುಡು ಜಾಗ ಇದೆ. ಮೂರು ಬಾಗಿಲ ಒಗಟು ನಿಮಗೆ ಗೊತ್ತಿರಬಹುದು. ಒಂದು ಬಾಗಿಲ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ, ಉಳಿದ ಎರಡರಲ್ಲಿ ಮೇಕೆ ಇರುವುದನ್ನು ತೆರೆಯುತ್ತಾನೆ. ಆಯ್ಕೆ ಬದಲಿಸಿದರೆ ಗೆಲ್ಲುವ ಸಂಭವನೀಯತೆ 2/3. ದೊಡ್ಡ ಗಣಿತಜ್ಞ ಪಾಲ್ ಏರ್ಡಿಶ್ ಕೂಡ ಇದನ್ನು ಮೊದಲು ಒಪ್ಪಲಿಲ್ಲ, ಕಂಪ್ಯೂಟರ್ ಸಿಮ್ಯುಲೇಶನ್ ನೋಡಿದ ಮೇಲೆ ಒಪ್ಪಿದರು. ಆದರೆ ಪ್ರೋಗ್ರಾಂ ಬರೆಯುವವರು ನಿರೂಪಕ ಯಾವುದೋ ಒಂದು ಬಾಗಿಲು ತೆರೆಯುತ್ತಾನೆ ಅಂತ ಬರೆದು, ಕಾರು ಕಂಡ ಆಟಗಳನ್ನು ಬಿಟ್ಟುಬಿಟ್ಟರೆ ಉತ್ತರ 1/2 ಬರುತ್ತದೆ. ಕಂಪ್ಯೂಟರ್ ತಪ್ಪು ಮಾಡಿಲ್ಲ, ಬೇರೆಯೇ ಆಟ ಆಡಿದೆ ಅಷ್ಟೇ. ನಿಮ್ಮ ಯೋಚನೆಯಲ್ಲಿ ತಪ್ಪಿದ್ದರೆ ಸಿಮ್ಯುಲೇಶನ್ ಅದನ್ನೇ ಲಕ್ಷ ಸಲ ಮಾಡಿ ತೋರಿಸುತ್ತದೆ. ಆದ್ದರಿಂದ ಮೊದಲ ಗುಂಪಿನವರು ನೇರ ಇಲ್ಲಿಗೆ ಬರುವುದು ಬೇಡ.

ಕವಡೆ, ಹುಣಸೆ ಬೀಜ

ಮೊದಲ ಗುಂಪಿನವರಿಗೆ, ಅದರಲ್ಲೂ ಮಕ್ಕಳಿಗೆ, ನಾನು ಕೊಡುವುದು ಚೌಕಾಬಾರದ ನಾಲ್ಕು ಕವಡೆ. ಪುಸ್ತಕದ ನಾಣ್ಯ, ದಾಳ ಎಲ್ಲ ಮೊದಲೇ ಸಮ ಅಂತ ಹೇಳಿಟ್ಟವು. ಕವಡೆಯ ಎರಡು ಬದಿ ಒಂದೇ ತರಹ ಇಲ್ಲ. ಬಾಯಿ ಮೇಲಾಗಿ ಬೀಳುವ ಸಂಭವನೀಯತೆ ಅರ್ಧ ಅಂತ ಒಪ್ಪಿಕೊಳ್ಳಲು ಯಾವ ಕಾರಣವೂ ಇಲ್ಲ. ಎಸೆದು, ಎಣಿಸಿ, ಕಂಡುಕೊಳ್ಳಬೇಕು.

ನಿಯಮ ಊರಿಂದ ಊರಿಗೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಅರ್ಧ ಅಂತ ಇಟ್ಟುಕೊಂಡು ಮೊದಲು ಲೆಕ್ಕ ಹಾಕಿ. 16 ಸಾಧ್ಯತೆಗಳಲ್ಲಿ ಚೌಕ ಒಂದು, ಬಾರ ಒಂದು, ಎರಡು ಬೀಳುವುದು ಆರು, ಒಂದು ಮತ್ತು ಮೂರು ನಾಲ್ಕು ನಾಲ್ಕು. ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಮನೆ. ಈಗ ಸಂಭವನೀಯತೆ 0.4 ಇದ್ದರೆ ಏನಾಗುತ್ತದೆ ನೋಡಿ. ಚೌಕ 0.0256, ಬಾರ 0.1296. ಬಾರ ಐದು ಪಟ್ಟು ಜಾಸ್ತಿ ಬೀಳುತ್ತದೆ! ಸ್ವಲ್ಪ ಓರೆಯಿಂದ ಆಟವೇ ಬದಲಾಗಿಬಿಡುತ್ತದೆ.

ಇದಕ್ಕೆ ಸಾವಿರಾರು ಎಸೆತ ಬೇಕಿಲ್ಲ. 100 ಸಲ ಎಸೆದರೆ 400 ಕವಡೆಗಳ ಲೆಕ್ಕ ಸಿಗುತ್ತದೆ, ಅಂದಾಜಿನ ಏರಿಳಿತ ಸುಮಾರು 2.5 ಅಂಶ. ನಿಮ್ಮ ಕವಡೆ 0.4ರದ್ದೋ 0.5ರದ್ದೋ ಅಂತ ಹೇಳಲು ಅಷ್ಟು ಧಾರಾಳ ಸಾಕು. ದ ಮೆರೆ ದಾಳದಲ್ಲಿ 100 ಸಾಲಲಿಲ್ಲ, ಇಲ್ಲಿ ಸಾಕಾಯಿತು. ಯಾಕೆ ಅಂತ ಮಕ್ಕಳ ಬಾಯಲ್ಲೇ ಹೇಳಿಸಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನಾಲ್ಕೂ ಕವಡೆ ಒಂದೇ ತರಹದವಾ? ಒಂದಕ್ಕೆ ಚುಕ್ಕೆ ಇಟ್ಟು ಬೇರೆಯಾಗಿ ಎಣಿಸಿದರೆ ಗೊತ್ತಾಗುತ್ತದೆ. ಕವಡೆ ಸಿಗದಿದ್ದರೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ ಆಗುತ್ತದೆ.

ನಿಜವಾದ ದತ್ತಾಂಶ

ಸಂಖ್ಯಾಶಾಸ್ತ್ರದ ಭಾಗಕ್ಕೆ ಇದಿಲ್ಲದೆ ಆಗುವುದಿಲ್ಲ. ಅಡಿಕೆ ಬೆಳೆಗಾರರ ಮನೆಯಲ್ಲಿ ದಿನಾ ನೋಡುವ ಮಾರುಕಟ್ಟೆ ಧಾರಣೆಯನ್ನೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ವ್ಯಾಪಾರ ಆದ ಬೆಲೆ) ಎಂದು ಮೂರು ಧಾರಣೆ ಕೊಡುತ್ತಾರೆ. ಈ ಮೂರರಿಂದ ಆ ದಿನದ ಸರಾಸರಿ ಹೇಳಲು ಸಾಧ್ಯವಾ? ಆಗುವುದಿಲ್ಲ. ಯಾವ ಬೆಲೆಗೆ ಎಷ್ಟು ಚೀಲ ಹೋಯಿತು ಅಂತ ಗೊತ್ತಿರಬೇಕು. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬೇರೆ ಬೇರೆ ಬಗೆಗಳನ್ನೆಲ್ಲ ಕಲಸಿ ಒಂದು ಸರಾಸರಿ ತೆಗೆದರೆ ಅದು ಯಾರ ಧಾರಣೆಯೂ ಆಗುವುದಿಲ್ಲ.

ಮಳೆ ಇನ್ನೊಂದು ಒಳ್ಳೆಯ ವಿಷಯ. ಚಳ್ಳಕೆರೆಯಲ್ಲಿ ವರ್ಷದ ಅರ್ಧಕ್ಕಿಂತ ಜಾಸ್ತಿ ದಿನ ಮಳೆಯೇ ಇಲ್ಲ. ಅಲ್ಲಿಗೆ ದಿನದ ಮಳೆಯ ಮಧ್ಯಾಂಕ ಸೊನ್ನೆ, ಸರಾಸರಿ ಸೊನ್ನೆಗಿಂತ ಜಾಸ್ತಿ. ಮಧ್ಯಾಂಕವೇ ಯಾವಾಗಲೂ ಮೇಲು ಅಂತ ಕಲಿತುಕೊಂಡವರು ಇಲ್ಲಿ ನಿಂತು ಯೋಚಿಸಬೇಕಾಗುತ್ತದೆ.

ಶೀಟ್‌ನಲ್ಲಿ ಮಾನಕ ವಿಚಲನೆ ತೆಗೆಯುವಾಗ ಒಂದು ಎಚ್ಚರಿಕೆ. ಅಲ್ಲಿ ಎರಡು ಬಗೆ ಇವೆ, ಒಂದು ಎನ್‌ನಿಂದ (ಒಟ್ಟು ಎಷ್ಟು ಸಂಖ್ಯೆಗಳಿವೆಯೋ ಅದರಿಂದ) ಭಾಗಿಸುವುದು, ಇನ್ನೊಂದು ಎನ್‌ಗಿಂತ ಒಂದು ಕಡಿಮೆಯಿಂದ. 2, 4, 6 ಹಾಕಿ ನೋಡಿ. ಒಂದರಲ್ಲಿ 1.63, ಇನ್ನೊಂದರಲ್ಲಿ 2. ಶಾಲೆಯ ಪುಸ್ತಕದ ಉತ್ತರಕ್ಕೆ ಹೊಂದುವುದು ಮೊದಲನೆಯದು. ಸ್ಯಾಂಪಲ್‌ನಿಂದ ಇಡೀ ಗುಂಪಿನ ಅಂದಾಜು ಮಾಡುವಾಗ ಬೇಕಾಗುವುದು ಎರಡನೆಯದು.

ಹಾಗಾದರೆ ನಿಮಗೆ ಯಾವುದು?

ಪರೀಕ್ಷೆಗೆ ಎರಡು ವಾರ ಉಳಿದಿದ್ದರೆ ಹಳೇ ಪ್ರಶ್ನೆಪತ್ರಿಕೆ, ಮತ್ತು ಕಲಸಿದ ಚೀಟಿಗಳು. ಬೇರೇನೂ ಬೇಡ. ಪಿಯುಸಿ ಮುಗಿಸಿ ರಜೆಯಲ್ಲಿದ್ದರೆ ಸ್ಟ್ಯಾಟ್ 110ರ ಲೆಕ್ಕಗಳನ್ನು ನಿಧಾನವಾಗಿ ಮಾಡಿ, ವಾರಕ್ಕೆ ಐದಾದರೂ ಸಾಕು. ಕೆಲಸದಲ್ಲಿದ್ದು ಡೇಟಾ ಕಡೆ ಬರುವವರು, ಗಣಿತ ಮರೆತಿದ್ದರೆ ಖಾನ್ ಅಕಾಡೆಮಿಯಲ್ಲಿ ಒಂದು ತಿಂಗಳು, ಆಮೇಲೆ ಓಪನ್‌ಇಂಟ್ರೋ, ಜೊತೆಗೆ ಶೀಟ್‌ನಲ್ಲಿ ಸಿಮ್ಯುಲೇಶನ್. ಗಣಿತ ನೆನಪಿದ್ದರೆ ನೇರ 18.05. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರು ಕವಡೆಯಿಂದ ಶುರು ಮಾಡಿ.

ಎರಡು ದಾರಿ ಒಟ್ಟಿಗೆ ಹಿಡಿಯಲು ಸಮಯ ಇರುವವರಿಗೆ ನನ್ನ ಜೋಡಿ ಪೆನ್ನು ಮತ್ತು ಶೀಟ್. ಮೊದಲು ಅಂದಾಜು, ಆಮೇಲೆ ಕೈ ಲೆಕ್ಕ, ಕೊನೆಗೆ 10,000 ಸಾಲಿನ ಸಿಮ್ಯುಲೇಶನ್. ಮೂರಕ್ಕೂ ನೋಟ್‌ಬುಕ್‌ನಲ್ಲಿ ಒಂದೊಂದು ಕಾಲಂ ಮಾಡಿ. ಶುರು ಮಾಡಲು ಒಂದು ಲೆಕ್ಕ ಕೊಡುತ್ತೇನೆ: 23 ಜನರಿರುವ ಕೋಣೆಯಲ್ಲಿ ಇಬ್ಬರಿಗಾದರೂ ಹುಟ್ಟುಹಬ್ಬ ಒಂದೇ ದಿನ ಇರುವ ಸಂಭವನೀಯತೆ ಎಷ್ಟು? ಕೈ ಲೆಕ್ಕದಲ್ಲಿ ಸುಮಾರು 0.507 ಬರಬೇಕು. ಬರದಿದ್ದರೆ ಎರಡನೇ ಕಾಲಂ ಮತ್ತೆ ನೋಡಿ. ಬಂದರೆ ಮೊದಲ ಕಾಲಂನಲ್ಲಿ ನೀವು ಬರೆದ ಅಂದಾಜಿಗೂ ಇದಕ್ಕೂ ಎಷ್ಟು ಅಂತರ ಇದೆ ಅಂತ ನೋಡಿ, ಆ ಅಂತರ ಯಾಕೆ ಬಂತು ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಿರಿ.